ಮೇಲಿನ ಮನೆಯ ಕಣ್ಣು

ನೇಮತ್ ಮದುವೆಯಾಗಿ ಬಂದಾಗ ಆ ಮನೆಗೆ ಇದ್ದದ್ದು ಒಂದೇ ಅಂತಸ್ತು. ಕೈರೋದಿಂದ ಕೆಲವು ಗಂಟೆಯ ದಾರಿಯ ತಂತಾ ಪೇಟೆಯ ದೊಡ್ಡ ಮಸೀದಿಯ ಹಿಂದಿನ ಬೀದಿಯಲ್ಲಿ ಗಂಡ ಶಾಕಿರ್‌ನ ಹುರಿಗಡಲೆ, ಹಲ್ವದ ಅಂಗಡಿ. ಅಂಗಡಿಯ ಪಕ್ಕದ ಸಂದಿಯಲ್ಲೇ ಮನೆ. ಅತ್ತೆಗೆ ಅವಳೊಬ್ಬಳೇ ಸೊಸೆ. ಅವಳು ಮಾಡಿದ ಮೊಲೋಖಿಯಾ ಸೊಪ್ಪಿನ ಸಾರನ್ನು ಬೀದಿಯವರೆಲ್ಲ ಹೊಗಳುತ್ತಿದ್ದರು. ಆ ಕಾಲದಲ್ಲಿ ನೇಮತ್‌ಗೆ ಹೊಟ್ಟೆಕಿಚ್ಚು ಎಂದರೇನೆಂದೇ ತಿಳಿದಿರಲಿಲ್ಲ. ಮೈದುನ ರಿಫಾತ್‌ಗೆ ಮದುವೆ ಗೊತ್ತಾಗಿ, ಮನೆಯ ಮೇಲೆ ಇನ್ನೊಂದು ಅಂತಸ್ತು ಎದ್ದು, ಅಲ್ಲಿಗೆ ಬಹೀಗಾ ಎಂಬ ಹುಡುಗಿ ವಾರಗಿತ್ತಿಯಾಗಿ ಬಂದ ಮೇಲೆ ತಿಳಿಯಿತು.

ಬಹೀಗಾ ಓದಿದವಳು. ಹುಡುಗಿಯರ ಶಾಲೆಯಲ್ಲಿ ಅರಬಿ ಪಾಠ ಹೇಳುತ್ತಿದ್ದಳು. ಅವಳು ದನಿ ಎತ್ತಿ ಮಾತಾಡಿದ್ದನ್ನು ಕೇಳಿದವರಿಲ್ಲ. ನೇಮತ್‌ಗೆ ಸಹಿಸಲಾಗದಿದ್ದದ್ದೇ ಅದು. ಅವಳು ಜಗಳಕ್ಕೆ ಬಂದಿದ್ದರೆ ಇವಳೂ ಸೆರಗು ಕಟ್ಟಿ ನಿಂತು ಹಗುರಾಗಬಹುದಿತ್ತು. ಬಹೀಗಾ ಬರಲಿಲ್ಲ. "ನೀವು ಹೇಳಿದ ಹಾಗೇ ಆಗಲಿ ಅಕ್ಕಾ" ಎಂದು ನಕ್ಕು ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಬಂದ ವರ್ಷವೇ ಅತ್ತೆ ನೆರೆಯವರ ಮುಂದೆ, "ಬಹೀಗಾ ಮಾಡಿಕೊಟ್ಟ ಚಹಾ ಕುಡಿದ್ರೆ ತಲೆನೋವೇ ಹೋಗುತ್ತೆ ನೋಡಿ" ಎಂದರು. ಹಾಗಾದರೆ ಇಷ್ಟು ದಿನ ನನ್ನ ಚಹಾ ಕುಡಿದು ನಿಮ್ಮ ತಲೆ ನೋಯುತ್ತಿತ್ತೇ ಎಂದು ಕೇಳಬೇಕೆನ್ನಿಸಿ, ಕೇಳಲಾಗದೆ, ನೇಮತ್ ಆ ವಾರವೆಲ್ಲ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು.

ಇಬ್ಬರಿಗೂ ಒಂದೇ ವರ್ಷ ಮಕ್ಕಳಾದವು. ಮೊದಲು ನೇಮತ್‌ಗೆ ಹಾತಿಮ್, ಆಮೇಲೆ ಬಹೀಗಾಗೆ ರಾವಿಯಾ. ಹೆಣ್ಣೆಂದು ಗೊತ್ತಾದ ದಿನ ನೇಮತ್ ಅಂಗಡಿಯಿಂದ ಹಲ್ವ ತರಿಸಿ ತಾನೇ ಹಂಚಿದಳು. ಅಷ್ಟು ಧಾರಾಳವಾಗಿ ಅವಳು ಮತ್ತೆಂದೂ ಏನನ್ನೂ ಹಂಚಲಿಲ್ಲ. ಆ ಸಂತೋಷ ಬಹಳ ಕಾಲ ಬಾಳಲಿಲ್ಲ. ಶಾಲೆಗೆ ಸೇರಿದ್ದೇ ತಡ, ಹಾತಿಮ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೇಲಿನ ಮನೆಗೆ ಓಡತೊಡಗಿದ. "ಚಿಕ್ಕಮ್ಮ ಹೇಳಿಕೊಟ್ರೆ ತಲೆಗೆ ಹೋಗುತ್ತಮ್ಮಾ" ಎನ್ನುತ್ತಿದ್ದ. ನೇಮತ್ ಓದು ಬಿಟ್ಟಿದ್ದು ಅವನಷ್ಟು ಚಿಕ್ಕವಳಿರುವಾಗಲೇ. ತನ್ನ ಮಗನ ತಲೆಗೆ ಏನು ಹೋಗುತ್ತಿದೆಯೆಂಬುದು ಮೇಲಿನ ಮನೆಯವಳಿಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ. ಊಟಕ್ಕೆ ಕರೆದಾಗ ಮೆಟ್ಟಿಲ ಮೇಲಿಂದ, "ಇದೊಂದು ಪಾಠ ಮುಗಿಸಿ ಬರ್ತೀನಿ" ಎಂಬ ಉತ್ತರ ಬಂದರೆ ಅವಳ ಎದೆಯಲ್ಲಿ ಯಾರೋ ಮೆಣಸು ಅರೆದಂತಾಗುತ್ತಿತ್ತು.

ಮಕ್ಕಳು ಹೈಸ್ಕೂಲಿನಲ್ಲಿದ್ದಾಗ ರಿಫಾತ್ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡ. ಬಹೀಗಾ ವಿಧವೆಯಾದಳು. ಇನ್ನಾದರೂ ತನ್ನ ಕಿಚ್ಚು ಆರಬಹುದು ಎಂದು ನೇಮತ್‌ಗೇ ಅನ್ನಿಸಿತು. ಆದರೆ ಸಾವಿನ ಮನೆಗೆ ಬಂದವರೆಲ್ಲ, "ಎಂಥ ತಾಳ್ಮೆಯ ಹೆಂಗಸು, ಒಂದು ಕೂಗಿಲ್ಲ, ಒಂದು ಅಬ್ಬರವಿಲ್ಲ" ಎಂದು ಹೊಗಳಿ ಹೋದರು. ಮೈದುನನಿಗಾಗಿ ಎದೆ ಬಡಿದುಕೊಂಡು ಅತ್ತವಳು ನೇಮತ್. ಅವಳ ಅಳುವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿಧವೆಯ ತಾಳ್ಮೆಗೂ ಕರುಬಿದೆನಲ್ಲ ಎಂದು ನಾಚಿಕೆಯಾಯಿತು. ನನ್ನನ್ನು ಹೀಗೆ ನಾಚಿಕೆಪಡಿಸಿದವಳೂ ಅವಳೇ ಎಂದು ಮತ್ತೆ ಸಿಟ್ಟು ಬಂತು.

ಇಬ್ಬರು ಮಕ್ಕಳೂ ಡಾಕ್ಟರಾದರು. ಕಾಲೇಜಿಗೆ ಸೇರುವ ಪರೀಕ್ಷೆಯಲ್ಲಿ ರಾವಿಯಾಗೆ ಹಾತಿಮ್‌ಗಿಂತ ಅರ್ಧ ಅಂಕ ಹೆಚ್ಚು ಬಂದಿತ್ತು. ಊರೆಲ್ಲ ಮರೆತರೂ ಆ ಅರ್ಧ ಅಂಕವನ್ನು ನೇಮತ್ ಮರೆಯಲಿಲ್ಲ. ಹುಡುಗರಿಬ್ಬರಿಗೂ ಅದರ ಪರಿವೆಯೇ ಇರಲಿಲ್ಲ. ಅಣ್ಣತಂಗಿಯರ ಹಾಗೆ ಬೆಳೆದವರು. ಒಂದೇ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಒಂದೇ ಮೇಜಿನಲ್ಲಿ ಕೂತು, ಕೊಲ್ಲಿ ದೇಶದ ವೈದ್ಯರ ಪರವಾನಗಿ ಪರೀಕ್ಷೆಗೆ ಓದತೊಡಗಿದರು. ಆ ಮೇಜು ಇದ್ದದ್ದು ಮೇಲಿನ ಮನೆಯಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆ ಕೈರೋದಲ್ಲಿ. ಇಬ್ಬರಿಗೂ ಒಂದೇ ದಿನ ಸಿಕ್ಕಿತ್ತು. ಅದರ ಮುಂಚಿನ ಶುಕ್ರವಾರ ಎಲ್ಲರೂ ಕೆಳಗಿನ ಮನೆಯಲ್ಲಿ ಊಟಕ್ಕೆ ಕೂತಾಗ ರಾವಿಯಾ ಫೋನು ಹಿಡಿದುಕೊಂಡು ನಿಯಮಗಳನ್ನು ಓದಿದಳು.

"ಪಾಸ್‌ಪೋರ್ಟಿನಲ್ಲಿರೋ ಹೆಸರೇ ಅರ್ಜಿಯಲ್ಲೂ ಇರಬೇಕು, ಒಂದಕ್ಷರ ಹೆಚ್ಚುಕಡಿಮೆ ಆದ್ರೂ ಬಾಗಿಲಿಂದಲೇ ವಾಪಸ್. ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಫೋನು, ವಾಚು, ಪರ್ಸು, ಉಂಗುರ ಎಲ್ಲ ಲಾಕರ್‌ಗೆ. ಜೇಬು ಹೊರಗೆ ತೆಗೆದು ತೋರಿಸಬೇಕು, ಅಂಗಿ ತೋಳು ಮಡಚಿ ತೋರಿಸಬೇಕು, ಕನ್ನಡಕಾನೂ ತಿರುಗಿಸಿ ನೋಡ್ತಾರೆ. ನನಗಾದ್ರೆ ತಲೆವಸ್ತ್ರ ಹೆಂಗಸರೇ ಮುಟ್ಟಿ ನೋಡ್ತಾರಂತೆ. ಬಿಡುವಿನಲ್ಲಿ ಲಾಕರ್‌ನಿಂದ ತಿಂಡಿ ತಗೋಬಹುದು, ಫೋನ್ ಮುಟ್ಟಿದ್ರೆ ಮುಗೀತು. ಹೊರಗೆ ಬಂದ ಮೇಲೂ ಯಾವ ಪ್ರಶ್ನೆ ಬಂತು ಅಂತ ಯಾರಿಗೂ ಬಾಯಿ ಬಿಡೋ ಹಾಗಿಲ್ಲ."

"ಇಷ್ಟು ತಪಾಸಣೆ ಜೈಲಿಗೆ ಹೋಗೋರಿಗೂ ಇಲ್ವಲ್ಲಾ" ಎಂದ ಶಾಕಿರ್, ರೊಟ್ಟಿ ಮುರಿಯುತ್ತ. "ನಮ್ಮ ಅಂಗಡೀಲಿ ಹೀಗೆ ತಪಾಸಣೆ ಇಟ್ಟಿದ್ರೆ ಒಂದು ಕಡಲೇನೂ ಕಳುವಾಗ್ತಿರಲಿಲ್ಲ."

ಎಲ್ಲರೂ ನಕ್ಕರು. ನೇಮತ್ ನಗಲಿಲ್ಲ. ಅವಳು ನಿಯಮ ಕೇಳುತ್ತಿರಲಿಲ್ಲ, ಬಹೀಗಾಳ ಮುಖ ನೋಡುತ್ತಿದ್ದಳು. ಬಹೀಗಾ ಹಾತಿಮ್‌ನನ್ನೇ ನೋಡುತ್ತಿದ್ದಳು. ಆಮೇಲೆ, "ಹಾತಿಮ್ ಬಿಡು, ಇವನಿಗೆ ಇದೆಲ್ಲ ನೀರು ಕುಡಿದ ಹಾಗೆ" ಎಂದಳು.

ಆ ಮಾತು ನೇಮತ್‌ಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ದೃಷ್ಟಿ ತಾಗದಂತೆ ಮಾಷಾ ಅಲ್ಲಾ ಎಂದು ಸೇರಿಸದೆ ಹೊಗಳಿದ್ದಾಳೆ! ಸ್ವಂತ ಮಗಳು ಎದುರಿಗಿರುವಾಗ ಇನ್ನೊಬ್ಬರ ಮಗನನ್ನು ಯಾವ ತಾಯಿ ಹೊಗಳುತ್ತಾಳೆ, ಕಣ್ಣು ಹಾಕುವುದಕ್ಕಲ್ಲದೆ?

ಮಾರನೆಯ ದಿನ ಅವಳು ತರಕಾರಿಗೆಂದು ಹೇಳಿ, ಮಹಲ್ಲಾ ಪಟ್ಟಣದ ದಾರಿಯ ಹಳ್ಳಿಯೊಂದರಲ್ಲಿ ತಾಯಿತ ಬರೆದುಕೊಡುವ ಮುದುಕನ ಹತ್ತಿರ ಹೋಗಿ ಬಂದಳು. ತಂದದ್ದು ಬೆರಳಿನ ಉಗುರಿನಷ್ಟು ಸಣ್ಣ ತಗಡಿನ ಕೊಳವೆ. ಒಳಗೆ ಸುರುಳಿ ಸುತ್ತಿದ ಕಾಗದ. ಜೇಬಿನಲ್ಲಿಟ್ಟರೆ ಜೇಬು ತೆಗೆಸುತ್ತಾರೆ, ಕೈಗೆ ಕಟ್ಟಿದರೆ ತೋಳು ಮಡಚಿಸುತ್ತಾರೆ. ಅಷ್ಟು ನಿಯಮ ಅವಳ ಕಿವಿಗೂ ಬಿದ್ದಿತ್ತು. ಹಾತಿಮ್ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಅವನು ಕೈರೋಗೆ ಹಾಕಿಕೊಂಡು ಹೋಗಲೆಂದು ಇಸ್ತ್ರಿ ಮಾಡಿಟ್ಟಿದ್ದ ಪ್ಯಾಂಟಿನ ಸೊಂಟದ ಪಟ್ಟಿಯನ್ನು ಬಿಚ್ಚಿ, ಕೊಳವೆಯನ್ನು ಒಳಗಿಟ್ಟು, ಎಳೆ ಕಾಣದಂತೆ ಮತ್ತೆ ಹೊಲಿದಳು. ಹೊಲಿಯುವಾಗ ಅವಳಿಗೆ ಬಹಳ ವರ್ಷಗಳಿಂದ ಸಿಗದ ಒಂದು ಸಮಾಧಾನ ಸಿಕ್ಕಿತು. ಬಹೀಗಾ ಪಾಠ ಹೇಳಿಕೊಟ್ಟಿರಬಹುದು. ಕಾಪಾಡುವವಳು ತಾನು.

ಪರೀಕ್ಷೆಯ ದಿನ ಬೆಳಗಾಗುವ ಮೊದಲೇ ಶಾಕಿರ್‌ನ ಹಳೆಯ ಫಿಯೆಟ್ಟಿನಲ್ಲಿ ಐವರೂ ಹೊರಟರು. ನೇಮತ್ ತಾಮಿಯಾ ವಡೆ, ಬೇಯಿಸಿದ ಮೊಟ್ಟೆ, ಉಪ್ಪಿನಕಾಯಿ ಎಲ್ಲ ಸೇರಿಸಿ ಮಗನಿಗೆ ದೊಡ್ಡದೊಂದು ಪೊಟ್ಟಣ ಕಟ್ಟಿದ್ದಳು. ಬಹೀಗಾ ತಂದದ್ದು ಎರಡು ಬಾಟಲಿ ನೀರು, ಒಂದು ಹಿಡಿ ಖರ್ಜೂರ. ಪರೀಕ್ಷಾ ಕೇಂದ್ರವಿದ್ದದ್ದು ಒಂದು ಎತ್ತರದ ಕಟ್ಟಡದ ಮೇಲಂತಸ್ತಿನಲ್ಲಿ. ಜೊತೆಗೆ ಬಂದವರಿಗೆ ಪ್ರವೇಶವಿಲ್ಲ. ಮೂವರೂ ಎದುರಿನ ಚಹಾದಂಗಡಿಯಲ್ಲಿ ಕೂತರು. ಬಹೀಗಾ ಜಪಮಣಿ ತಿರುಗಿಸುತ್ತ ಸುಮ್ಮನಿದ್ದಳು. ನೇಮತ್ ಒಂದೇ ಸಮನೆ ಮಾತಾಡಿದಳು: ಬಿಸಿಲಿನ ಬಗ್ಗೆ, ಕೈರೋದವರ ಕೆಟ್ಟ ಚಹಾದ ಬಗ್ಗೆ, ಹಾತಿಮ್ ಹೊಟ್ಟೆಯಲ್ಲಿದ್ದಾಗ ತನಗೆ ಬಿದ್ದ ಕನಸಿನ ಬಗ್ಗೆ.

ಸಂಜೆಗೆ ಮಕ್ಕಳು ಹೊರಗೆ ಬಂದರು. ರಾವಿಯಾ ದಣಿದಿದ್ದಳು. ಹಾತಿಮ್‌ನ ಮುಖ ಸುಣ್ಣ ಬಳಿದ ಗೋಡೆಯಂತಿತ್ತು.

"ಹೇಗಾಯ್ತಪ್ಪಾ?" ಎಂದಳು ನೇಮತ್.

"ಆಯ್ತಮ್ಮಾ."

"ಆಯ್ತು ಅಂದ್ರೆ?"

"ಮಾತಾಡೋ ಹಾಗಿಲ್ಲ ಅಂತ ನಿಯಮ ಅಲ್ವಾ ದೊಡ್ಡಮ್ಮಾ" ಎಂದು ರಾವಿಯಾ ಅಡ್ಡ ಬಂದಳು. ಅಣ್ಣತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೇಮತ್‌ಳ ಪೊಟ್ಟಣ ಕಟ್ಟಿದ ಹಾಗೇ ಮರಳಿ ಬಂದಿತ್ತು. ಕಾರಿನಲ್ಲಿ ಹಾತಿಮ್ ಕರವಸ್ತ್ರ ತೆಗೆದಾಗ ಅದರಿಂದ ಖರ್ಜೂರದ ಬೀಜಗಳು ಅವಳ ಮಡಿಲಿಗೆ ಬಿದ್ದವು. ತಂತಾ ಮುಟ್ಟುವ ತನಕ ಅವಳು ಆ ಬೀಜಗಳನ್ನು ಮುಷ್ಟಿಯಲ್ಲಿ ಅಮುಕಿಕೊಂಡೇ ಕೂತಿದ್ದಳು.

ಫಲಿತಾಂಶ ಇಮೇಲಿನಲ್ಲಿ ಬರುತ್ತದೆ, ಕೆಲವು ವಾರ ಕಾಯಬೇಕು ಎಂದಿದ್ದರು. ಒಂದು ಬುಧವಾರ ಮಧ್ಯಾಹ್ನ ನೇಮತ್ ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಮೇಲಿನ ಮನೆಯಿಂದ ಕೇಕೆ ಕೇಳಿಸಿತು. ರಾವಿಯಾಳದು. ಆಮೇಲೆ ಬಹೀಗಾ, ಮದುವೆಮನೆಯಲ್ಲಿ ಹೆಂಗಸರು ಹಾಡುವಂತೆ, ಒಲುಲು ಎಂದು ನಾಲಿಗೆ ಹೊರಳಿಸಿ ಹಾಡಿದಳು. ದನಿ ಎತ್ತದ ಬಹೀಗಾ! ನೇಮತ್ ಚಾಕು ಹಿಡಿದುಕೊಂಡೇ ಮೆಟ್ಟಿಲ ಹತ್ತಿರ ಓಡಿದಳು. ರಾವಿಯಾ ಧಡಧಡನೆ ಇಳಿದು ಬಂದು ಅವಳನ್ನು ತಬ್ಬಿಕೊಂಡಳು.

"ಪಾಸಾದೆ ದೊಡ್ಡಮ್ಮಾ!"

"ಎಷ್ಟು ಬಂತು?"

"ಎಷ್ಟೂ ಇಲ್ಲ. ಪಾಸಾದೋರಿಗೆ ಪಾಸು ಅಂತಷ್ಟೇ ಹೇಳ್ತಾರೆ. ಅಂಕ ಕೊಡಲ್ಲ."

"ಅಂಕ ಇಲ್ಲದ ಪರೀಕ್ಷೆ ಎಲ್ಲಾದರೂ ಉಂಟಾ?" ಎಂದಳು ನೇಮತ್. ಮುಚ್ಚಿಡುತ್ತಿದ್ದಾರೆ, ಖಂಡಿತ ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು. "ನಮ್ಮ ಹಾತಿಮ್‌ದು?"

ಹಾತಿಮ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಫೋನಿತ್ತು. "ನಂದು ತಡೆಹಿಡಿದಿದ್ದಾರೆ ಅಮ್ಮಾ. ಪರಿಶೀಲನೆ ಮಾಡಬೇಕಂತೆ."

ತಡೆಹಿಡಿದಿದ್ದಾರೆ ಎಂಬ ಒಂದು ಮಾತಿಗೆ ನೇಮತ್‌ಳ ಇಷ್ಟು ವರ್ಷಗಳ ತಡೆ ಒಡೆದುಹೋಯಿತು. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ಮುಖವೆತ್ತಿ, ಬೀದಿಗೆ ಕೇಳಿಸುವ ಹಾಗೆ ಕೂಗಿದಳು.

"ಕಣ್ಣು ತಣ್ಣಗಾಯ್ತೇನೇ ಬಹೀಗಾ? ನೀರು ಕುಡಿದ ಹಾಗೆ ಅಂದ್ಯಲ್ಲಾ, ಆ ನೀರನ್ನೇ ಅವನ ಗಂಟಲಲ್ಲಿ ಸಿಕ್ಕಿಸಿದ್ಯಾ? ನಿನ್ನ ಮಗಳದ್ದು ಬರಬೇಕು, ನನ್ನ ಮಗಂದು ನಿಲ್ಲಬೇಕು! ಒಂದೇ ಮೇಜು, ಒಂದೇ ಪುಸ್ತಕ, ಒಂದೇ ದಿನ! ನಿನ್ನ ಕಣ್ಣಲ್ಲದೆ ಇನ್ನೇನು ಅಡ್ಡ ಬಂತು ಹೇಳು?"

ಬಹೀಗಾ ಮೆಟ್ಟಿಲ ತುದಿಯಲ್ಲಿ ನಿಂತು ಕೇಳಿಸಿಕೊಂಡಳು. ರಾವಿಯಾಳ ಮುಖ ಕೆಂಪಾಯಿತು. "ದೊಡ್ಡಮ್ಮಾ, ಏನು ಅಡ್ಡ ಬಂತು ಅಂತ ನಾನು..."

"ರಾವಿಯಾ, ಸುಮ್ಮನಿರು" ಎಂದ ಹಾತಿಮ್. ತಾಯಿಯ ಕೈಯಿಂದ ಚಾಕು ತೆಗೆದುಕೊಂಡು ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಕೇಳಿದ. "ನನ್ನ ಪ್ಯಾಂಟಿನ ಪಟ್ಟಿಯೊಳಗೆ ತಾಯಿತ ಹೊಲಿದದ್ದು ಯಾರಮ್ಮಾ?"

ಬೀದಿಯಲ್ಲಿ ಯಾರದೋ ಗಾಡಿಯ ಗಂಟೆ ಕೇಳುತ್ತಿತ್ತು. ನೇಮತ್ ಬಾಯಿ ತೆರೆದಳು. ಮಾತು ಬರಲಿಲ್ಲ.

ಹಾತಿಮ್ ಹೇಳಿದ. ಬಾಗಿಲಲ್ಲಿ ತಪಾಸಣೆಯ ಕೋಲು ಅವನ ಸೊಂಟದ ಹತ್ತಿರ ಬಂದಾಗ ಕೂಗಿಕೊಂಡಿತಂತೆ. ಬೆಲ್ಟ್ ತೆಗೆಸಿದರು, ಮತ್ತೆ ಕೂಗಿತು. ಪಕ್ಕದ ಕೋಣೆಗೆ ಕರೆದೊಯ್ದು ಪಟ್ಟಿ ಬಿಚ್ಚಿಸಿದಾಗ ತಗಡಿನ ಕೊಳವೆ ಬಿತ್ತು. ಒಳಗಿನ ಕಾಗದದ ತುಂಬ ಚೌಕಗಳು, ಚೌಕಗಳ ತುಂಬ ಅಂಕಿಗಳು, ಬಿಡಿ ಬಿಡಿ ಅಕ್ಷರಗಳು. ಇದೇನು ಎಂದು ಕೇಳಿದರೆ ಇವನಿಗೇ ಗೊತ್ತಿಲ್ಲ. ಗೊತ್ತಿಲ್ಲ ಎಂದದ್ದೇ ಅವರಿಗೆ ಇನ್ನಷ್ಟು ಅನುಮಾನ. ಉತ್ತರಗಳನ್ನು ಗುಟ್ಟಿನ ಅಂಕಿಗಳಲ್ಲಿ ಬರೆದು ತಂದಿದ್ದಾನೆಂದು ಬರೆದುಕೊಂಡರು. ಕೂರಲು ಬಿಟ್ಟರು, ಆದರೆ ವರದಿ ಹೋಯಿತು. ಮೊದಲ ಪ್ರಶ್ನೆಯನ್ನೇ ಎಷ್ಟೋ ಸಲ ಓದಿದನಂತೆ.

"ಅಲ್ಲಾ! ಮತ್ತೆ ಅವತ್ತೇ ಯಾಕೋ ಹೇಳಲಿಲ್ಲ?" ಎಂದ ಶಾಕಿರ್, ಗಲಾಟೆ ಕೇಳಿ ಅಂಗಡಿಯಿಂದ ಓಡಿ ಬಂದವನು.

"ಅಮ್ಮ ನೊಂದ್ಕೋತಾಳೆ ಅಂತ."

ನೇಮತ್ ಮೆಟ್ಟಿಲ ಮೇಲೆಯೇ ಕೂತಳು. ತಲೆಯೆತ್ತಿದಾಗ ಮೇಲೆ ಬಹೀಗಾ ಇರಲಿಲ್ಲ. ಬಾಗಿಲು ಮುಚ್ಚಿತ್ತು.

ಪರೀಕ್ಷೆ ನಡೆಸುವವರು ಹಾತಿಮ್‌ನಿಂದ ವಿವರಣೆ ಕೇಳಿದ್ದರು. ತಾಯಿತ ಹೊಲಿದವರದ್ದೂ ಒಂದು ಹೇಳಿಕೆ ಬೇಕು, ಅವರದೇ ಮಾತಿನಲ್ಲಿ, ಸಹಿ ಹಾಕಿ. ಅದನ್ನು ರಾವಿಯಾ ಇಂಗ್ಲಿಷಿಗೆ ತಿರುಗಿಸುವುದಾಗಿ ಹೇಳಿದಳು. ಅರಬಿಯಲ್ಲಿ ಒಪ್ಪವಾಗಿ ಬರೆಯುವವರು ಯಾರು? ನೇಮತ್‌ಗೆ ಹೆಸರು ಬರೆಯುವಷ್ಟು ಬರುತ್ತಿತ್ತು. ಶಾಕಿರ್‌ನ ಬರಹ ಹಲ್ವದ ಪೊಟ್ಟಣಕ್ಕೆ ಸಾಕು.

"ಹೋಗು ಮೇಲಕ್ಕೆ" ಎಂದ ಶಾಕಿರ್. "ಕೂಗೋಕೆ ಬಂದ ಬಾಯಿಗೆ ಕೇಳೋಕೂ ಬರಬೇಕು."

"ನೀವೇ ಹೋಗಿ ಹೇಳ್ರೀ."

"ನಾನು ಹೊಲಿದ್ನೇನೇ ಹಾತಿಮ್‌ನಮ್ಮಾ? ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

ಆ ಮೆಟ್ಟಿಲುಗಳನ್ನು ಅವಳು ಅತ್ತೆಯ ಕಾಲದಿಂದ ಹತ್ತಿ ಇಳಿದಿದ್ದಳು. ಅವತ್ತಿನಷ್ಟು ಕಡಿದಾಗಿ ಅವು ಎಂದೂ ಕಂಡಿರಲಿಲ್ಲ. ಬಹೀಗಾ ಬಾಗಿಲು ತೆರೆದಳು. ಒಳಗೆ ಬನ್ನಿ ಎಂದಳು, ಅಕ್ಕಾ ಎನ್ನಲಿಲ್ಲ. ಮಕ್ಕಳು ಓದುತ್ತಿದ್ದ ಮೇಜಿನ ಮುಂದೆ ಕೂರಿಸಿ, ಕಾಗದ ಪೆನ್ನು ತಂದು, ಕನ್ನಡಕ ಏರಿಸಿಕೊಂಡಳು. ಶಾಲೆಯಲ್ಲಿ ಹುಡುಗಿಯರ ಮುಂದೆ ಹೀಗೆಯೇ ಕೂರುತ್ತಿದ್ದಳೇನೋ. ನೇಮತ್ ಅಂಥ ಮೇಜಿನ ಎದುರು ಕೂತು ಕಾಲವಾಗಿತ್ತು.

"ಹೇಳಿ. ಯಾವತ್ತು ಹೊಲಿದ್ರಿ?"

ಹೇಳಿದಳು.

"ಹಾತಿಮ್‌ಗೆ ಗೊತ್ತಿತ್ತಾ?"

"ಇಲ್ಲ. ಅಲ್ಲಾಣೆಗೂ ಇಲ್ಲ. ಮಲಗಿದ್ದ."

"ಯಾತಕ್ಕೆ ಹೊಲಿದ್ರಿ? ಕಾರಣ ಬರೀಲೇಬೇಕು, ಅದನ್ನೇ ಅವರು ಕೇಳಿರೋದು."

"ಕಣ್ಣು ಬೀಳಬಾರದು ಅಂತ."

"ಯಾರ ಕಣ್ಣು?"

ನೇಮತ್ ಮೇಜಿನ ಮೇಲಿನ ಶಾಯಿಯ ಕಲೆಯನ್ನು ನೋಡುತ್ತ ಕೂತಳು. ಹಾತಿಮ್ ಚಿಕ್ಕವನಿದ್ದಾಗ ಚೆಲ್ಲಿದ್ದಿರಬೇಕು. ಸುಳ್ಳು ಹೇಳಬಹುದಿತ್ತು. ಬೀದಿಯವರದು ಎನ್ನಬಹುದಿತ್ತು. ಆದರೆ ಮೊನ್ನೆ ಮೆಟ್ಟಿಲ ಬುಡದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದಾಗಿತ್ತು.

"ನಿಂದು" ಎಂದಳು.

ಪೆನ್ನು ನಿಂತಿತು. ಬಹೀಗಾ ಅಂದಳು, "ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ, ಮೊದಲು ರಾವಿಯಾಳ ಅಪ್ಪನ್ನ ಉಳಿಸಿಕೊಳ್ತಿದ್ದೆ. ಕೊನೇ ಗಳಿಗೇಲಿ ಅವರನ್ನೇ ನೋಡ್ತಾ ಕೂತಿದ್ದೆನಲ್ಲಾ."

ಆಮೇಲೆ ಬಗ್ಗಿ, 'ನೆಂಟರೊಬ್ಬರ ದೃಷ್ಟಿ ತಾಗಬಾರದೆಂದು' ಎಂದು ಬರೆದಳು. ಓದಿ ಹೇಳಿದಳು. ಕಾಗದವನ್ನು ನೇಮತ್‌ಳ ಕಡೆಗೆ ತಿರುಗಿಸಿ ಸಹಿ ಹಾಕುವ ಜಾಗದಲ್ಲಿ ಬೆರಳಿಟ್ಟಳು. ನೇಮತ್ ವಕ್ರವಾಗಿ ತನ್ನ ಹೆಸರು ಬರೆದಳು. ಮೇಲೆ ಸಾಲುಸಾಲಾಗಿ ನಿಂತ ಬಹೀಗಾಳ ಅಕ್ಷರಗಳ ಕೆಳಗೆ ಅದು ಮಣ್ಣಿನಲ್ಲಿ ಕೋಳಿ ಕೆದಕಿದಂತೆ ಕಂಡಿತು. ಅಂಥ ಗಳಿಗೆಯಲ್ಲೂ ಅವಳ ಕಣ್ಣಿಗೆ ಬಿದ್ದದ್ದು ಅದೇ.

ಹೇಳಿಕೆ ಹೋಯಿತು. ತಪಾಸಣೆಯ ಸಾಲಿನಲ್ಲಿ ಹಾತಿಮ್‌ನ ಹಿಂದೆ ನಿಂತಿದ್ದ ರಾವಿಯಾ ತಾನು ಕಂಡದ್ದನ್ನು ಬರೆದು ಕಳಿಸಿದಳು. ಬಹೀಗಾ ಕೆಳಗಿಳಿದು ಬರುವುದನ್ನು ನಿಲ್ಲಿಸಿದಳು. ಶುಕ್ರವಾರದ ಊಟಕ್ಕೆ ಕರೆದರೆ, "ಮೈ ಹುಷಾರಿಲ್ಲ" ಎಂದು ಮಗಳನ್ನು ಕಳಿಸುತ್ತಿದ್ದಳು. ಹಾತಿಮ್ ಮಾತ್ರ ದಿನಾ ಮೇಲೆ ಹೋಗುತ್ತಿದ್ದ. ಬಹೀಗಾ ಇಲ್ಲದ ಊಟದಲ್ಲಿ ತಾನು ಗೆದ್ದೆ ಎಂದು ನೇಮತ್‌ಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೊಲೋಖಿಯಾಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ, ರುಚಿ ಬರಲೆಂದು ಹಿಂದಿನಿಂದ ಬಂದ ರೂಢಿಯಂತೆ ಉಸಿರು ಎಳೆದುಕೊಂಡು ಶಬ್ದ ಮಾಡುವಾಗ, ಇದನ್ನು ಸರಿಯಾಗಿ ಗಮನಿಸಿ ಹೊಗಳುವವಳು ಅವಳೊಬ್ಬಳೇ ಇದ್ದಳಲ್ಲ ಎಂಬುದು ನೆನಪಾಗುತ್ತಿತ್ತು.

ಕೊನೆಗೆ ಹಾತಿಮ್‌ಗೆ ಉತ್ತರ ಬಂತು. ಮೋಸವಿಲ್ಲವೆಂದು ಒಪ್ಪಿ ಫಲಿತಾಂಶ ಬಿಟ್ಟಿದ್ದರು. ಫೇಲಾಗಿದ್ದ, ಕೂದಲೆಳೆಯಲ್ಲಿ. ರಾವಿಯಾಳದ್ದರ ಹಾಗೆ ಒಂದು ಪದವಲ್ಲ. ಉದ್ದಕ್ಕೆ ಪಟ್ಟಿಗಳು, ಗೆರೆಗಳು, ಯಾವ ವಿಷಯದಲ್ಲಿ ಎಷ್ಟು ಕೆಳಗೆ ಎಂದು ಬಣ್ಣಬಣ್ಣದಲ್ಲಿ ತೋರಿಸಿದ್ದರು. ಶಾಕಿರ್ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ.

"ಪಾಸಾದ್ರೆ ಒಂದು ಮಾತು, ಫೇಲಾದ್ರೆ ಪುರಾಣ" ಎಂದ.

ಯಾರೂ ನಗಲಿಲ್ಲ. ಹಾತಿಮ್ ಅತ್ತಿದ್ದರೆ, ಕೂಗಾಡಿದ್ದರೆ ನೇಮತ್‌ಗೆ ತಡೆದುಕೊಳ್ಳಲಾಗುತ್ತಿತ್ತು. ಅವನು "ಇನ್ನೊಂದ್ಸಲ ಬರೀತೀನಿ ಬಿಡಮ್ಮಾ" ಎಂದು ಬೆನ್ನು ತಟ್ಟಿದ. ಆ ಮೆದು ದನಿ ತನ್ನದಲ್ಲ, ಶಾಕಿರ್‌ನದೂ ಅಲ್ಲ. ಅದು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿತ್ತು.

ಮತ್ತೆ ಬರೆಯಲು ಕೆಲವು ತಿಂಗಳು ಕಾಯಬೇಕೆಂದು ನಿಯಮ. ಕಾದ. ಅಷ್ಟರಲ್ಲಿ ರಾವಿಯಾಗೆ ಕೊಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ ಹೊರಟುಹೋದಳು. ಹಾತಿಮ್‌ನ ಪರೀಕ್ಷೆ ಹತ್ತಿರ ಬಂದಾಗ ನೇಮತ್ ಒಂದು ದಿನ, "ಈ ಸಲ ಪೊಟ್ಟಣದಲ್ಲಿ ಏನು ಕಟ್ಟಲಪ್ಪಾ? ಉಪ್ಪಿನಕಾಯಿ ವಾಸನೆ ಇಲ್ಲದ್ದೇ ಕಟ್ತೀನಿ" ಎಂದಳು.

ಹಾತಿಮ್ ತಲೆ ತಗ್ಗಿಸಿದ. "ಅಮ್ಮಾ, ಬೇಜಾರು ಮಾಡ್ಕೋಬೇಡ. ಈ ಸಲ ಚಿಕ್ಕಮ್ಮ ಬರ್ಲಿ. ಅವರು ಸುಮ್ಮನೆ ಕೂತಿರ್ತಾರೆ. ಕೆಳಗೆ ನೀನಿದ್ರೆ... ನೀನು ಏನು ಮಾಡ್ತಿದೀಯೋ ಅಂತ ನನಗೆ ಮೇಲೆ ಯೋಚನೆ."

ನೇಮತ್ ಮಾತಿಲ್ಲದೆ ನಿಂತದ್ದನ್ನು ಹಾತಿಮ್ ಹುಟ್ಟಿದ ಮೇಲೆ ನೋಡಿದ್ದು ಅದು ಎರಡನೇ ಸಲ.

ಪರೀಕ್ಷೆಯ ದಿನ ಬೆಳಿಗ್ಗೆ ಫಿಯೆಟ್ ಸಂದಿಯಿಂದ ಹೊರಟಾಗ ಅವಳು ಕಿಟಕಿಯ ಮರೆಯಲ್ಲಿ ನಿಂತು ನೋಡಿದಳು. ಮುಂದೆ ಶಾಕಿರ್, ಪಕ್ಕದಲ್ಲಿ ಹಾತಿಮ್, ಹಿಂದಿನ ಸೀಟಿನಲ್ಲಿ ಬಹೀಗಾ. ಬಹೀಗಾ ಮುಂದಕ್ಕೆ ಬಾಗಿ ಹಾತಿಮ್‌ನ ಅಂಗಿಯ ಕಾಲರ್ ಸರಿಮಾಡಿದಳು. ಎಷ್ಟು ಸಲೀಸಾಗಿ ಮಾಡಿದಳೆಂದರೆ, ನೋಡಿದವರು ಅವಳನ್ನೇ ಹೆತ್ತವಳು ಎನ್ನುತ್ತಿದ್ದರು. ಇಡೀ ದಿನ ನೇಮತ್ ಮನೆಯೆಲ್ಲ ತೊಳೆದಳು. ಹಾಸಿಗೆಗಳನ್ನು ಬಾಲ್ಕನಿಗೆ ಹಾಕಿ ಬಡಿದಳು. ಮಸೀದಿಯ ಕೂಗು ಕೇಳಿದಾಗ ನಮಾಜಿಗೆ ನಿಂತರೆ ಪ್ರಾರ್ಥನೆಯ ಸಾಲುಗಳು ತಪ್ಪುತ್ತಿದ್ದವು. ಮಗನನ್ನು ಗೆಲ್ಲಿಸು ಎಂದು ಬೇಡಿಕೊಳ್ಳುವಾಗ, ಅವನು ಗೆದ್ದರೆ ಅದು ಬಹೀಗಾಳ ಕಾಲ್ಗುಣ ಎನ್ನುತ್ತಾರಲ್ಲ ಎಂಬ ಯೋಚನೆ ನಡುವೆ ನುಗ್ಗುತ್ತಿತ್ತು. ಒಂದು ಕ್ಷಣ, ಒಂದೇ ಕ್ಷಣ, ಅವನು ಗೆಲ್ಲದಿದ್ದರೆ ಎಂದು ಅನ್ನಿಸಿಬಿಟ್ಟಿತು. ಹೆದರಿ ಹಣೆಯನ್ನು ಚಾಪೆಗೆ ಒತ್ತಿಕೊಂಡು, ಏಳಲು ಧೈರ್ಯವಿಲ್ಲದೆ ಬಹಳ ಹೊತ್ತು ಹಾಗೇ ಇದ್ದಳು.

ಸಂಜೆ ಅವರು ಮರಳಿ ಬಂದರು. ಹೇಗಾಯಿತೆಂದು ಅವಳು ಕೇಳಲಿಲ್ಲ. ಕೇಳಿದರೆ ಬಹೀಗಾಗೆ ಮೊದಲೇ ಗೊತ್ತಿರುವುದನ್ನು ತಾನು ಎರಡನೆಯವಳಾಗಿ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ವಾರಗಳು ಕಳೆದು ಮತ್ತೊಂದು ಬುಧವಾರ ಬಂತು. ಇಂಟರ್ನೆಟ್ ಮೇಲಿನ ಮನೆಯಲ್ಲಿ ಚೆನ್ನಾಗಿ ಸಿಗುತ್ತದೆಂದು ಹಾತಿಮ್ ಬೆಳಗಿನಿಂದ ಅಲ್ಲೇ ಕೂತಿದ್ದ. ಮಧ್ಯಾಹ್ನ ಒಲುಲು ಹಾಡು ಕೇಳಿಸಿತು. ನೇಮತ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಾಗ, ಮಗ ಚಿಕ್ಕಮ್ಮನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದ. ಬಹೀಗಾ ಬಾಗಿಲ ಕಡೆ ನೋಡಿದಳು. ಕೂಡಲೇ ಅವನನ್ನು ಬಿಡಿಸಿಕೊಂಡು, ಭುಜ ಹಿಡಿದು ತಿರುಗಿಸಿದಳು.

"ಹೋಗು, ಮೊದಲು ಅಲ್ಲಿಗೆ. ಹೆತ್ತವಳು ನಿಂತಿದಾಳೆ."

ಹಾತಿಮ್ ಬಂದು ತಾಯಿಯನ್ನು ತಬ್ಬಿದ. "ಪಾಸಮ್ಮಾ."

ಎಷ್ಟು ಬಂತು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಅವನ ಬೆನ್ನು ಸವರುತ್ತ, ಅವನ ಹೆಗಲಾಚೆಗೆ ಬಹೀಗಾಳನ್ನು ನೋಡಿದಳು. ತನ್ನ ಮಗನನ್ನು ತನಗೆ ಹೀಗೆ ಕೈಯೆತ್ತಿ ಕೊಟ್ಟವಳನ್ನು ಏನೆಂದು ಬೈಯಬೇಕು?

"ಊಟಕ್ಕೆ ಕೆಳಗೆ ಬಾ" ಎಂದಳು. "ಮೊಲೋಖಿಯಾ ಮಾಡಿದೀನಿ. ಮೊಲದ ಮಾಂಸದ್ದು."

"ಬೆಳ್ಳುಳ್ಳಿ ಜಾಸ್ತಿ ಹಾಕಿದ್ರೆ ಬರ್ತೀನಿ ಅಕ್ಕಾ" ಎಂದಳು ಬಹೀಗಾ.

ಊಟವಾದ ಮೇಲೆ ಶಾಕಿರ್ ಬೀದಿಗೆಲ್ಲ ಹಲ್ವ ಹಂಚಲು ಹೋದ. ಹಾತಿಮ್ ಗೆಳೆಯರ ಜೊತೆ ಹೊರಟ. ಹೆಂಗಸರಿಬ್ಬರೇ ಬಾಲ್ಕನಿಯಲ್ಲಿ ಚಹಾ ಇಟ್ಟುಕೊಂಡು ಕೂತರು. ನೇಮತ್ ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದಳು. ಇಷ್ಟು ವಾರ ಕೇಳದೆ ಹಿಡಿದಿಟ್ಟುಕೊಂಡದ್ದು ಅವಳನ್ನು ಒಳಗೇ ತಿನ್ನುತ್ತಿತ್ತು.

"ಬಹೀಗಾ, ಅವತ್ತು ಕೈರೋದಲ್ಲಿ..." ಎಂದಳು. "ಏನು ತಿಂದ? ಒಳಗೆ ಹೋಗೋ ಮುಂಚೆ ಏನಂದ? ಹೆದರಿದ್ನಾ?"

ಬಹೀಗಾ ಒಂದೂ ಬಿಡದೆ ಹೇಳಿದಳು. ದಾರಿಯಲ್ಲಿ ಅವನು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದ್ದು. ಕಟ್ಟಡದ ಬಾಗಿಲಲ್ಲಿ ತಾನೇ ಜೇಬುಗಳನ್ನೆಲ್ಲ ಹೊರಗೆಳೆದು, ಸೊಂಟದ ಪಟ್ಟಿಯನ್ನು ಸುತ್ತಲೂ ಮುಟ್ಟಿ ನೋಡಿಕೊಂಡದ್ದು. ಅದಕ್ಕೆ ಇಬ್ಬರೂ ನಕ್ಕದ್ದು. ಸಂಜೆ ಹೊರಗೆ ಬಂದವನು ದಾರಿಬದಿಯಲ್ಲಿ ನಿಂತು ಎರಡು ತಟ್ಟೆ ಅನ್ನ-ಬೇಳೆಯ ಕೊಶರಿ ತಿಂದದ್ದು, ಎರಡನೆಯದಕ್ಕೆ ಖಾರ ಸುರಿದುಕೊಂಡು ಕಣ್ಣೀರು ಹಾಕಿಕೊಂಡದ್ದು.

"ಹೊರಗೆ ಬಂದ ಕೂಡಲೇ ಕೇಳಿದ್ದೇ ನಿಮ್ಮನ್ನ" ಎಂದಳು ಬಹೀಗಾ. "ಅಮ್ಮ ಫೋನ್ ಮಾಡಿದ್ಲಾ ಅಂತ."

ನೇಮತ್ ಅವಳ ಮುಖವನ್ನು ದಿಟ್ಟಿಸಿದಳು. ನಡೆದದ್ದನ್ನೇ ಹೇಳಿದಳೋ, ತನ್ನ ಸಮಾಧಾನಕ್ಕೆಂದು ಕಟ್ಟಿ ಹೇಳಿದಳೋ ಆ ಶಾಂತ ಮುಖದಲ್ಲಿ ಏನೂ ತಿಳಿಯುವಂತಿರಲಿಲ್ಲ. ಕಟ್ಟಿ ಹೇಳಿದ್ದಾದರೆ, ತಾನಾಗಿದ್ದರೆ ಇವಳಿಗಾಗಿ ಅಂ‌ಥ ಒಂದು ಸುಳ್ಳನ್ನು ಹೇಳುತ್ತಿದ್ದೆನೇ? ಇಲ್ಲ. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು. ಚಹಾ ಆರಿಹೋಗಿತ್ತು. ಅದನ್ನೇ ಒಂದು ಗುಟುಕು ಕುಡಿದು, ಕುರ್ಚಿಯನ್ನು ವಾರಗಿತ್ತಿಯ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಂದ್ಸಲ ಹೇಳು" ಎಂದಳು. "ಹೇಗೆ ಕೇಳಿದ?"